ಅಂಟಲೇಬೇಕೆಂದಿಲ್ಲ

ಮನೆಯಲ್ಲೇ ಅಕ್ವೇರಿಯಂ ಸಂಪ್, ಅಂದರೆ ಮೀನಿನ ತೊಟ್ಟಿಯ ನೀರು ಇಳಿದು ಸೋಸಿಕೊಂಡು ಪಂಪಿನಿಂದ ಮತ್ತೆ ಮೇಲಕ್ಕೆ ಹೋಗುವ ಕೆಳತೊಟ್ಟಿ, ಮಾಡಿಕೊಳ್ಳಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆ: ಗಾಜಿನ ತೊಟ್ಟಿಯೊಳಗೆ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಹಾಳೆಯನ್ನು ಬ್ಯಾಫಲ್ ಆಗಿ, ಅಂದರೆ ಖಾನೆಗಳ ನಡುವಿನ ಅಡ್ಡಗೋಡೆಯಾಗಿ, ನಿಲ್ಲಿಸಿ ಸಿಲಿಕೋನ್ ಅಂಟು ಹಾಕಿದರೆ ಅಂಟುತ್ತದಾ? ಉತ್ತರ ಕೊಡುವವರಲ್ಲಿ ಎರಡು ಪಂಗಡ. "ಅಂಟೋದೇ ಇಲ್ಲ, ಸುಮ್ಮನೆ ಗಾಜು ಹಾಕಿ" ಎನ್ನುವವರು ಒಂದು ಕಡೆ. "ನಮ್ಮದು ವರ್ಷಗಟ್ಟಲೆಯಿಂದ ನಿಂತಿದೆ, ಏನೂ ಆಗಿಲ್ಲ" ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎನ್ನುವುದೇ ನನ್ನನ್ನು ಬಹಳ ಕಾಲ ಕಾಡಿತು. ಅದೇ ಹಾಳೆ, ಅದೇ ಸಿಲಿಕೋನ್, ಅದೇ ನೀರು. ಒಬ್ಬರ ಮನೆಯಲ್ಲಿ ಕಿತ್ತು ಬರುವುದು ಇನ್ನೊಬ್ಬರ ಮನೆಯಲ್ಲಿ ನಿಂತಿರುವುದು ಹೇಗೆ? ಯೋಚಿಸುತ್ತಾ ಹೋದಂತೆ ಅಂಟಿನ ವಿಚಾರ ಹಿಂದೆ ಸರಿದು, ಆ ಹಾಳೆಗೆ ಅಲ್ಲಿ ಇರುವ ಕೆಲಸವಾದರೂ ಏನು ಎನ್ನುವುದು ಮುಂದೆ ಬಂತು.

ಗೆಳೆಯನೊಬ್ಬ ತನ್ನ ಹಳೆಯ ಸಂಪನ್ನು ಬಿಚ್ಚುವಾಗ ನಾನೂ ಜೊತೆಗಿದ್ದೆ. ಗಾಜಿನ ತೊಟ್ಟಿ, ಒಳಗೆ ಅಕ್ರಿಲಿಕ್ ಬ್ಯಾಫಲ್‌ಗಳು, ಮೂಲೆಗಳಲ್ಲಿ ದಪ್ಪಗೆ ಎಳೆದ ಕಪ್ಪು ಸಿಲಿಕೋನ್. ನೀರು ಬಸಿದು, ತಳದ ಕೆಸರು ತೊಳೆದು, ಬ್ಲೇಡು ಹಿಡಿದು ಕೂತೆವು. ಹಾಳೆಯ ಕಡೆಯಿಂದ ಉಗುರು ತೂರಿಸಿ ಎಳೆದದ್ದೇ ತಡ, ಸಿಲಿಕೋನ್ ಮೇಲಿನಿಂದ ತಳದವರೆಗೆ ಒಂದೇ ಪಟ್ಟಿಯಾಗಿ ಎದ್ದು ಬಂತು. ಹಾಳೆಯ ಮೇಲೆ ಚೂರೂ ಉಳಿಯಲಿಲ್ಲ, ಅಂಟು ಇದ್ದ ಜಾಗವೂ ತಿಳಿಯದಷ್ಟು ನುಣುಪು. ಅದೇ ಪಟ್ಟಿಯ ಇನ್ನೊಂದು ಅಂಚು ಗಾಜನ್ನು ಮಾತ್ರ ಬಿಡಲೊಲ್ಲದು. ಬ್ಲೇಡನ್ನು ಮಲಗಿಸಿ ಹೆರೆದರೆ ತೆಳುವಾದ ಪದರ ಹಾಗೇ ಉಳಿಯುತ್ತಿತ್ತು, ಮತ್ತೆ ಹೆರೆಯಬೇಕು, ಮತ್ತೆ ಉಳಿಯುತ್ತಿತ್ತು. "ಹಾಗಾದ್ರೆ ಇಷ್ಟು ದಿನ ಇದು ಅಂಟೇ ಇರಲಿಲ್ವೇನೋ!" ಅಂದ ಅವನು. ಇರಲಿಲ್ಲ. ಆದರೂ ಆ ಸಂಪ್ ಇಷ್ಟು ದಿನ ಒಂದು ತಕರಾರೂ ಇಲ್ಲದೆ ನಡೆದಿತ್ತು.

ಕಾರಣ ಸರಳ. ಗಾಜಿನ ಮೈಮೇಲೆ ಸಿಲಿಕೋನ್ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ಎರಡರ ಮೂಲದಲ್ಲೂ ಸಿಲಿಕಾನ್ ಮತ್ತು ಆಮ್ಲಜನಕದ ಕೊಂಡಿಗಳೇ ಇರುವುದರಿಂದ ಅವಕ್ಕೆ ಒಗ್ಗುತ್ತದೆ. ಅಕ್ರಿಲಿಕ್‌ನ ಮೈಯಲ್ಲಿ ಆ ಕೊಂಡಿಗೆ ಜಾಗವಿಲ್ಲ. ಅಲ್ಲಿ ಸಿಲಿಕೋನ್ ಒತ್ತಿಕೊಂಡು ಕೂತಿರುತ್ತದೆ, ಅಷ್ಟೆ. ಉಪ್ಪುಕಾಗದ ಉಜ್ಜಿ ಒರಟು ಮಾಡಿದರೆ ಹಿಡಿತ ಸ್ವಲ್ಪ ಹೆಚ್ಚೀತು, ಆದರೆ ಬೆಸುಗೆಯಾಗದು. ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ನೀರು ನಿಂತು, ಯಾರೂ ಕೈ ಹಾಕಿ ಅಲ್ಲಾಡಿಸದೆ ಬಿಟ್ಟರೆ ಒತ್ತಿಕೊಂಡು ಕೂರುವುದಷ್ಟೇ ಸಾಕಾಗುತ್ತದೆ. "ಏನೂ ಆಗಿಲ್ಲ" ಎನ್ನುವವರ ಮಾತಿನ ಗುಟ್ಟು ಇದೇ ಎಂದು ನನ್ನ ಊಹೆ: ಅವರ ಹಾಳೆಯೂ ಬಿಟ್ಟಿದೆ, ಬಿಟ್ಟದ್ದು ತಿಳಿಯುವ ಸಂದರ್ಭ ಇನ್ನೂ ಬಂದಿಲ್ಲ.

ನೀರು ಕುಡಿಯುವ ಹಾಳೆ

ಆ ದಿನ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಸಿಲಿಕೋನ್‌ಗಿಂತ ಮುಖ್ಯವಾದದ್ದು. ನಡುವಿನ ಬ್ಯಾಫಲ್ ನೆಟ್ಟಗಿರಲಿಲ್ಲ. ಮೇಲಿನಿಂದ ನೋಡಿದರೆ ಹಾಳೆ ಒಂದು ಕಡೆಗೆ ಉಬ್ಬಿ, ಎರಡೂ ಗಾಜುಗಳ ನಡುವೆ ಬಿಗಿದು ನಿಂತಿತ್ತು. ಹೊರಗೆ ತೆಗೆದಿಟ್ಟು ಕೆಲವು ದಿನ ಒಣಗಿದ ಮೇಲೆ ಮತ್ತೆ ಅದೇ ಜಾಗಕ್ಕೆ ಇಳಿಸಿದರೆ ಸಲೀಸಾಗಿ ಇಳಿಯಿತು. ಒಣಗಿದಾಗ ಸರಿಹೋಗುವ ಅಳತೆ ನೆನೆದಾಗ ಸರಿಹೋಗುವುದಿಲ್ಲ.

ಅಕ್ರಿಲಿಕ್ ಎಂದು ನಾವು ಕರೆಯುವ ಪಾಲಿಮೀಥೈಲ್ ಮೆಥಾಕ್ರಿಲೇಟ್ ನೀರು ಹೀರುತ್ತದೆ. ಒಂದು ದಿನ ನೆನೆದರೆ ತೂಕದಲ್ಲಿ ಶೇ 0.3ರಷ್ಟು, ವಾರಗಟ್ಟಲೆ, ತಿಂಗಳುಗಟ್ಟಲೆ ನೆನೆದರೆ ಶೇ 2ರ ಹತ್ತಿರದವರೆಗೆ. ಹೀರಿದ ನೀರಿಗೆ ತಕ್ಕಂತೆ ಹಿಗ್ಗುತ್ತದೆ: ಒಂದು ಮೀಟರ್ ಹಾಳೆಗೆ ಕೆಲವು ಮಿಲಿಮೀಟರ್, 30 ಸೆಂಟಿಮೀಟರ್ ಅಗಲದ ಬ್ಯಾಫಲ್‌ಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಬಿಸಿಗೆ ಹಿಗ್ಗುವುದು ಇದಕ್ಕೆ ಹೋಲಿಸಿದರೆ ಸಣ್ಣ ಬಾಬತ್ತು. ಅಕ್ರಿಲಿಕ್ ಗಾಜಿನ ಏಳೆಂಟು ಪಟ್ಟು ಹಿಗ್ಗುತ್ತದೆ ನಿಜ, ಆದರೂ 10 ಡಿಗ್ರಿ ಏರಿಳಿತಕ್ಕೆ 30 ಸೆಂಟಿಮೀಟರ್ ಹಾಳೆ ಬದಲಾಗುವುದು 0.2 ಮಿಲಿಮೀಟರ್ ಮಾತ್ರ. ಜನ ಬಿಸಿಲಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ನೀರನ್ನು ಮರೆಯುತ್ತಾರೆ. ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಮರದ ಬಾಗಿಲನ್ನು ನೋಡಿದ ಯಾವ ಬಡಗಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಫಲ್ ಕೊಯ್ಯುವಾಗ ಮಾತ್ರ ನಾವು ಕೂದಲೆಳೆಯೂ ತೂರದ ಹಾಗೆ ಅಳೆದು, ಬಿಗಿಯಾಗಿ ಕೂತಿತೆಂದು ಖುಷಿಪಡುತ್ತೇವೆ. ಆ ಖುಷಿ ಹಾಳೆ ನೆನೆಯುವವರೆಗೆ. ಆಮೇಲೆ ಅದು ಒಂದೋ ಬಾಗಬೇಕು, ಇಲ್ಲವೇ ಪಕ್ಕದ ಗಾಜನ್ನು ಹೊರಕ್ಕೆ ತಳ್ಳಬೇಕು. ತೆಳು ಹಾಳೆಯಾದರೆ ಪುಣ್ಯ, ಬಾಗಿ ಸುಮ್ಮನಾಗುತ್ತದೆ. ದಪ್ಪ ಹಾಳೆ ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ಅದು ತೊಟ್ಟಿಯ ಗಾಜಿನ ಜೋಡಣೆಯ ಮೇಲೇ ಬಲ ಹಾಕುತ್ತದೆ. ದಪ್ಪ ಹೆಚ್ಚಿದಷ್ಟೂ ಭದ್ರ ಎಂಬ ಲೆಕ್ಕ ಇಲ್ಲಿ ತಲೆಕೆಳಗು.

ಈ ಹಿಗ್ಗುವಿಕೆಯನ್ನು ಕಣ್ಣಾರೆ ನೋಡಬೇಕೆಂದರೆ ಸಂಪಿನ ಮೇಲೆ ಮುಚ್ಚಳವಾಗಿ 3 ಮಿಲಿಮೀಟರ್ ಅಕ್ರಿಲಿಕ್ ಹಾಳೆಯೊಂದನ್ನು ಇಟ್ಟು ನೋಡಿ. ಕೆಳಬದಿಗೆ ಸದಾ ಹಬೆ, ಮೇಲ್ಬದಿಗೆ ಒಣಗಾಳಿ. ಕೆಳಗಿನ ಮೈ ನೀರು ಕುಡಿದು ಹಿಗ್ಗುತ್ತದೆ, ಮೇಲಿನದು ಹಿಗ್ಗುವುದಿಲ್ಲ. ಕೆಲವೇ ದಿನಗಳಲ್ಲಿ ನಡುಭಾಗ ಕೆಳಗೆ ಜೋತು, ನಾಲ್ಕೂ ಮೂಲೆ ಮೇಲೆದ್ದು, ಮುಚ್ಚಿದ್ದೂ ಒಂದೇ ಮುಚ್ಚದಿದ್ದದ್ದೂ ಒಂದೇ ಎನ್ನುವ ಹಾಗಾಗುತ್ತದೆ. ಮಗುಚಿ ಹಾಕಿದರೆ ಮೊದಲು ನೆಟ್ಟಗಾಗುತ್ತದೆ, ಆಮೇಲೆ ಇನ್ನೊಂದು ದಿಕ್ಕಿಗೆ ಡೊಂಕಾಗುತ್ತದೆ. ಮಗುಚುವುದನ್ನೇ ವಾರದ ಕೆಲಸವಾಗಿ ಮಾಡಿಕೊಂಡವರಿದ್ದಾರೆ. ಬಾಗಿದ್ದಕ್ಕೆ ಹಾಳೆಯ ತೂಕವೇ ಕಾರಣ ಎಂದುಕೊಂಡು ಹೆಚ್ಚು ದಪ್ಪದ್ದನ್ನು ತಂದು ಹಾಕುವವರೂ ಇದ್ದಾರೆ. ಅದೂ ಬಾಗುತ್ತದೆ, ನಿಧಾನವಾಗಿ. ಬ್ಯಾಫಲ್‌ಗೆ ಈ ಕಾಟ ಕಡಿಮೆ, ಏಕೆಂದರೆ ಅದು ಎರಡೂ ಕಡೆ ನೆನೆದಿರುತ್ತದೆ. ಅದರ ಹಿಗ್ಗು ಸಮನಾದದ್ದು. ಪಕ್ಕಗಳಲ್ಲಿ ಜಾಗ ಬಿಟ್ಟಿದ್ದರೆ ತನ್ನ ಪಾಡಿಗೆ ತಾನು ಬೆಳೆದು ಸುಮ್ಮನಾಗುತ್ತದೆ.

ಬಿಗಿತದ ವಿಚಾರ

ಇಷ್ಟು ಹೇಳಿದ ಮೇಲೆ ಅಕ್ರಿಲಿಕ್ ಕೆಲಸಕ್ಕೆ ಬಾರದ ವಸ್ತು ಎಂದು ಯಾರಾದರೂ ಅಂದುಕೊಂಡರೆ ಅದು ಅನ್ಯಾಯ. ಜಗತ್ತಿನ ದೊಡ್ಡ ದೊಡ್ಡ ಮತ್ಸ್ಯಾಲಯಗಳ ಕಿಟಕಿಗಳೆಲ್ಲ ಇದರವೇ. ಜಪಾನಿನ ಓಕಿನಾವಾದಲ್ಲಿ 2002ರಲ್ಲಿ ತೆರೆದ ಚುರಾವುಮಿ ಅಕ್ವೇರಿಯಂನ ಮುಖ್ಯ ತೊಟ್ಟಿಯ ಕಿಟಕಿ 22.5 ಮೀಟರ್ ಅಗಲ, 8.2 ಮೀಟರ್ ಎತ್ತರ, 60 ಸೆಂಟಿಮೀಟರ್ ದಪ್ಪ. ಹಲವು ಹಾಳೆಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಗೋಡೆ ಅದು. ಅದರಾಚೆ ತಿಮಿಂಗಿಲ ಶಾರ್ಕ್ ಈಜುತ್ತದೆ. ಕಣ್ಣಿನ ಪೊರೆ ತೆಗೆದ ಮೇಲೆ ಒಳಗೆ ಕೂರಿಸುವ ಮಸೂರ ಮೊದಲು ತಯಾರಾದದ್ದೂ ಇದೇ ಅಕ್ರಿಲಿಕ್‌ನಿಂದ. ಎರಡನೇ ಮಹಾಯುದ್ಧದ ವಿಮಾನಗಳ ಅಕ್ರಿಲಿಕ್ ಕಿಟಕಿ ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಚೂರುಗಳು ಕಣ್ಣನ್ನು ಕೆರಳಿಸದೆ ಉಳಿದದ್ದನ್ನು ಕಂಡ ಬ್ರಿಟನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಅಂಥ ಮೊದಲ ಮಸೂರ ಕೂರಿಸಿದರು. ಅಕ್ರಿಲಿಕ್ ಅನ್ನು ಮೀನು ಸಹಿಸೀತೇ ಎಂದು ಕೇಳುವವರಿಗೆ, ಮನುಷ್ಯನ ಕಣ್ಣೇ ಸಹಿಸಿಕೊಂಡಿದೆ ಎಂದು ನಾನು ಈ ಕಥೆ ಹೇಳುವುದುಂಟು. ಇನ್ನೊಂದು ತುದಿಯಲ್ಲಿ ಬರ್ಲಿನ್‌ನ ಹೋಟೆಲೊಂದರ ಅಕ್ವಾಡಾಮ್ ಇದೆ. ಸುಮಾರು ಹತ್ತು ಲಕ್ಷ ಲೀಟರ್ ನೀರಿದ್ದ ಆ ಅಕ್ರಿಲಿಕ್ ಉರುಳೆ 2022ರ ಡಿಸೆಂಬರ್ 16ರ ಮುಂಜಾನೆ ಒಡೆದುಹೋಯಿತು. ತಜ್ಞರು ತನಿಖೆ ಮಾಡಿದರೂ ಇದೇ ಕಾರಣ ಎಂದು ಖಚಿತವಾಗಿ ಹೇಳಲಾಗಲಿಲ್ಲ.

ನಮ್ಮ ಸಂಪ್ ಈ ಎರಡೂ ತುದಿಗಳಿಂದ ಬಹಳ ದೂರ. ಇಲ್ಲಿ ನೆನಪಿಡಬೇಕಾದದ್ದು ಬಿಗಿತವನ್ನು. ಗಾಜಿನ ಬಿಗಿತ ಅಕ್ರಿಲಿಕ್‌ನದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ದಪ್ಪ ದುಪ್ಪಟ್ಟಾದರೆ ಬಾಗುವುದು ಎಂಟನೇ ಒಂದಕ್ಕೆ ಇಳಿಯುತ್ತದಾದ್ದರಿಂದ ವ್ಯತ್ಯಾಸ ಸ್ವಲ್ಪ ತುಂಬಿಕೊಳ್ಳುತ್ತದೆ. ಆದರೂ 6 ಮಿಲಿಮೀಟರ್ ಅಕ್ರಿಲಿಕ್ ಬಾಗುವುದು ಸುಮಾರು 2 ಮಿಲಿಮೀಟರ್ ಗಾಜಿನಷ್ಟು. ಅಳತೆ ಸಣ್ಣದಿದ್ದಾಗ ಇದೇನೂ ತೊಂದರೆಯಲ್ಲ. ಆದರೆ ಉದ್ದ ಹೆಚ್ಚಿದರೆ ಬಾಗು ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ, ಅಂದರೆ ಅಂತರ ಎರಡು ಪಟ್ಟಾದರೆ ಬಾಗು ಹದಿನಾರು ಪಟ್ಟು. ಸಣ್ಣ ಸಂಪಿನ ಅನುಭವವನ್ನು ದೊಡ್ಡದಕ್ಕೆ ಹಾಗೇ ಎತ್ತಿ ಹಾಕಿದವರು ಎಡವುವುದು ಇಲ್ಲೇ. ಜೊತೆಗೆ ಅಕ್ರಿಲಿಕ್ ಸತತ ಭಾರಕ್ಕೆ ದಿನ ಕಳೆದಂತೆ ಇನ್ನಷ್ಟು ಬಾಗುತ್ತದೆ. ಗಾಜು ಮೊದಲ ದಿನ ಎಷ್ಟು ಬಾಗಿತೋ ಅಷ್ಟಕ್ಕೇ ನಿಲ್ಲುತ್ತದೆ.

ಹಾಗಾದರೆ ಬ್ಯಾಫಲ್ ಮೇಲೆ ಬೀಳುವ ಭಾರ ಎಷ್ಟು? 30 ಸೆಂಟಿಮೀಟರ್ ಅಗಲದ ಹಾಳೆಯ ಒಂದು ಕಡೆ 25, ಇನ್ನೊಂದು ಕಡೆ 20 ಸೆಂಟಿಮೀಟರ್ ನೀರು ಇದೆ ಅನ್ನಿ. ಎರಡೂ ಕಡೆಯ ಒತ್ತಡ ಕಳೆದು ಉಳಿಯುವುದು ಸುಮಾರು ಮೂರೂವರೆ ಕಿಲೋ ಭಾರ. ಪಂಪಿನ ಖಾನೆಯನ್ನು ತೊಳೆಯಲೆಂದು ಪೂರ್ತಿ ಬರಿದು ಮಾಡಿದರೆ ಅದೇ ಒಂಬತ್ತು ಕಿಲೋ ದಾಟುತ್ತದೆ. ಅಂಟದ ಸಿಲಿಕೋನ್‌ನ ಬಣ್ಣ ಬಯಲಾಗುವ ದಿನ ಅದು. ದಿನನಿತ್ಯದ ಓಟದಲ್ಲಿ ಏನೂ ಆಗದೆ, ವರ್ಷಕ್ಕೊಮ್ಮೆ ಪಂಪು ತೊಳೆಯುವಾಗ ಬ್ಯಾಫಲ್ ಕಿತ್ತು ಬಂತು ಎನ್ನುವ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ ಒಂಬತ್ತು ಕಿಲೋ.

ಸೋರಿದರೆ ಆಗುವುದೇನು

ಟಾರ್ಚ್ ಹಿಡಿದು ನೆಲದ ಮೇಲೆ ಕೂತು ಓಡುತ್ತಿರುವ ಸಂಪನ್ನು ನೋಡುವುದು ನನಗೊಂದು ಚಟ. ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ) ಇರುವ ಖಾನೆಯ ನೀರು ಬ್ಯಾಫಲ್‌ನ ಅಂಚನ್ನು ತೆಳ್ಳಗೆ ಹೊದ್ದುಕೊಂಡು ಆಚೆ ಇಳಿಯುತ್ತಿರುತ್ತದೆ. ಆ ಪದರದ ದಪ್ಪ ಎಷ್ಟಿರಬಹುದೆಂದು ಲೆಕ್ಕ ಹಾಕಿದರೆ, ಗಂಟೆಗೆ 2000 ಲೀಟರ್ ನೀರು 30 ಸೆಂಟಿಮೀಟರ್ ಅಂಚನ್ನು ದಾಟಲು ಅಂಚಿನ ಮೇಲೆ ಸುಮಾರು ಒಂದು ಸೆಂಟಿಮೀಟರ್ ನೀರು ಏರಿದರೆ ಸಾಕು. ಬ್ಯಾಫಲ್‌ನ ಇಡೀ ಕೆಲಸ ಇಷ್ಟೇ: ತನ್ನ ಹಿಂದಿನ ಖಾನೆಯ ಮಟ್ಟವನ್ನು ತನ್ನ ಅಂಚಿನ ಎತ್ತರಕ್ಕೆ ಕಟ್ಟಿಹಾಕುವುದು. ನೀರು ಆರಿ ಕಡಿಮೆಯಾದರೂ ಇಳಿಯುವುದು ಪಂಪಿನ ಖಾನೆಯ ಮಟ್ಟ, ಸ್ಕಿಮ್ಮರ್‌ನದಲ್ಲ. ಬ್ಯಾಫಲ್ ತೊಟ್ಟಿಯ ಹೊರಗೋಡೆಯ ಹಾಗೆ ನೀರನ್ನು ತಡೆದು ಕಾಯಬೇಕಾದದ್ದಲ್ಲ. ಅದರಾಚೆಗೆ ಸೋರಿದ ನೀರು ಹೋಗುವುದು ಹೇಗೂ ಹೋಗಬೇಕಾಗಿದ್ದ ಖಾನೆಗೇ.

ಆದರೆ ಎಷ್ಟು ಸೋರಬಹುದು ಎನ್ನುವುದಕ್ಕೂ ಒಂದು ಮಿತಿ ಇದೆ, ಇಲ್ಲಿ ಉಡಾಫೆ ಸಲ್ಲದು. ಎರಡೂ ಪಕ್ಕದಲ್ಲಿ ಒಂದೊಂದು ಮಿಲಿಮೀಟರ್ ಸಂದು ಬಿಟ್ಟು ಹಾಳೆಯನ್ನು ಹಾಗೇ ನಿಲ್ಲಿಸಿದರೆ, ಐದು ಸೆಂಟಿಮೀಟರ್ ಮಟ್ಟದ ವ್ಯತ್ಯಾಸಕ್ಕೆ ಆ ಸಂದುಗಳಲ್ಲೇ ಗಂಟೆಗೆ ಸಾವಿರ ಲೀಟರ್ ನುಗ್ಗುತ್ತದೆ. ಇಷ್ಟಾದರೂ ಸ್ಕಿಮ್ಮರ್ ಖಾನೆಯ ಮಟ್ಟ ಇಳಿಯುವುದು ನಾಲ್ಕು ಮಿಲಿಮೀಟರ್ ಮಾತ್ರ ಎನ್ನುವುದು ಬೇರೆ ಮಾತು, ಏಕೆಂದರೆ ಉಳಿದ ಸಾವಿರ ಲೀಟರ್ ಅಂಚಿನ ಮೇಲೇ ಹರಿಯುತ್ತಿರುತ್ತದೆ. ಆದರೆ ಅರ್ಧ ನೀರು ಅಡ್ಡದಾರಿ ಹಿಡಿದರೆ ಅದು ಸಂಪ್ ಅನ್ನಿಸಿಕೊಳ್ಳುವುದಿಲ್ಲ. ಅದೇ ಹಾಳೆಯ ಹಿಂದೆ, ನೀರು ಹರಿದು ಹೋಗುವ ದಿಕ್ಕಿನಲ್ಲಿ, ಒಂದು ಸೆಂಟಿಮೀಟರ್ ಅಗಲದ ಗಾಜಿನ ಪಟ್ಟಿಯನ್ನು ಎರಡೂ ಪಕ್ಕಕ್ಕೂ ತಳಕ್ಕೂ ಅಂಟಿಸಿ, ಹಾಳೆಯನ್ನು ಅದಕ್ಕೆ ಒರಗಿಸಿದರೆ ಚಿತ್ರವೇ ಬದಲಾಗುತ್ತದೆ. ಆಗಲೇ ಹೇಳಿದ ಮೂರೂವರೆ ಕಿಲೋ ಒತ್ತಡ ಹಾಳೆಯನ್ನು ಪಟ್ಟಿಗೆ ಒತ್ತಿ ಹಿಡಿಯುತ್ತದೆ. ನಡುವೆ ಮಿಲಿಮೀಟರಿನ ಹತ್ತನೇ ಒಂದರಷ್ಟು ಸಂದು ಉಳಿದರೂ ಸೋರುವುದು ಗಂಟೆಗೆ ಹತ್ತು ಹನ್ನೆರಡು ಲೀಟರ್. ಅದರಿಂದ ಮಟ್ಟ ಬದಲಾಗುವುದನ್ನು ಅಳೆಯಲೂ ಆಗದು. ಬೇರ್ಪಡಿಸಲು ನೋಡುವ ಅದೇ ಒತ್ತಡವನ್ನು ಮುಚ್ಚುವ ಕೆಲಸಕ್ಕೆ ಹಚ್ಚಿದ ಹಾಗಾಯಿತು.

ನಾನು ಈಗ ಸಂಪ್ ಮಾಡುವುದು ಹೀಗೇ. ಗಾಜಿಗೆ ಗಾಜಿನ ಪಟ್ಟಿ, ಸಿಲಿಕೋನ್‌ನಿಂದ. ಅವೆರಡೂ ಒಂದನ್ನೊಂದು ಬಿಡುವುದಿಲ್ಲ. ಹಿಂದೊಂದು ಮುಂದೊಂದು ಪಟ್ಟಿ ಇಟ್ಟರೆ ನಡುವೆ ತೋಡು ಸಿಗುತ್ತದೆ, 6 ಮಿಲಿಮೀಟರ್ ಹಾಳೆಗೆ 7 ಮಿಲಿಮೀಟರ್ ತೋಡು. ಹಾಳೆಯ ಅಗಲ ತೊಟ್ಟಿಯ ಒಳ ಅಳತೆಗಿಂತ ಮೂರು ಮಿಲಿಮೀಟರ್ ಕಡಿಮೆ. ಮೇಲಿನಿಂದ ಇಳಿಬಿಟ್ಟರೆ ಕೂರುತ್ತದೆ, ಬೇಡವೆಂದಾಗ ಎತ್ತಿದರೆ ಬರುತ್ತದೆ. ಸ್ಕಿಮ್ಮರ್ ಬದಲಾಯಿತು, ಅದಕ್ಕೆ 18 ಸೆಂಟಿಮೀಟರ್ ಆಳದ ನೀರಿನ ಬದಲು 22 ಬೇಕು ಎಂದಾಯಿತು ಅನ್ನಿ. ಹೊಸ ಎತ್ತರದ ಹಾಳೆ ಕೊಯ್ದು ಇಳಿಸಿದರೆ ಮುಗಿಯಿತು. ಅಂಟಿಸಿದ ಗಾಜಿನ ಬ್ಯಾಫಲ್‌ನಲ್ಲಿ ಈ ಸೌಲಭ್ಯವಿಲ್ಲ. ಒಂದು ಎಚ್ಚರಿಕೆ: ಅಕ್ರಿಲಿಕ್ ನೀರಿಗಿಂತ ಸ್ವಲ್ಪವೇ ಭಾರ, ಸಾಂದ್ರತೆ 1.19. ಗಾಳಿಯಲ್ಲಿ ಅರ್ಧ ಕಿಲೋ ತೂಗುವ ಬ್ಯಾಫಲ್ ಪೂರ್ತಿ ಮುಳುಗಿದಾಗ ನೂರು ಗ್ರಾಂ ಸಹ ತೂಗುವುದಿಲ್ಲ. ತಳ ಗುಡಿಸುವಾಗ ಕೈ ತಗುಲಿದರೂ ಮೇಲೆದ್ದು ಬಿಡುತ್ತದೆ. ಮೇಲ್ತುದಿಯಲ್ಲಿ ಒಂದು ಕ್ಲಿಪ್ಪೋ ತಡೆಯೋ ಇರಲಿ.

ಇದಕ್ಕೊಂದು ಅಪವಾದ ಗುಳ್ಳೆ ತಡೆಯುವ ಮೂರು ಹಾಳೆಗಳ ಸಾಲಿನಲ್ಲಿ ನಡುವಿನದು, ಅಂದರೆ ನೀರನ್ನು ತನ್ನ ಕೆಳಗಿನಿಂದ ದಾಟಿಸುವ ಹಾಳೆ. ಅದರ ಪಕ್ಕದ ಸಂದಿನಿಂದ ಮೇಲ್ಮಟ್ಟದ ಗುಳ್ಳೆ ನೇರ ತೂರಿಹೋಗುತ್ತದೆ. ಅಲ್ಲಿ ಸಂದಿಗೆ ಸಿಲಿಕೋನ್ ಎಳೆಯಿರಿ. ಅಂಟಲಿ ಬಿಡಲಿ, ಸಂದು ತುಂಬಿದರೆ ಸಾಕು. ಗುಳ್ಳೆಗಳ ಮಾತು ಬಂದಾಗ ಇನ್ನೊಂದು ವಿಷಯ. ಹಾಳೆಗಳ ನಡುವೆ ಎರಡೂವರೆ ಸೆಂಟಿಮೀಟರ್ ಬಿಡಿ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅದು ಹರಿವನ್ನು ನೋಡದೆ ಹೇಳಿದ ಮಾತು. ಗಂಟೆಗೆ 2000 ಲೀಟರ್ ಹರಿದರೆ 30 ಸೆಂಟಿಮೀಟರ್ ಅಗಲದ ಆ ಸಂದಿನಲ್ಲಿ ನೀರು ಸೆಕೆಂಡಿಗೆ ಏಳು ಸೆಂಟಿಮೀಟರಿಗಿಂತ ಜೋರಾಗಿ ಕೆಳಗಿಳಿಯುತ್ತದೆ. ಮಿಲಿಮೀಟರ್ ದಪ್ಪದ ಗುಳ್ಳೆ ಅದರ ವಿರುದ್ಧ ಮೇಲೇರೀತು, ಅದಕ್ಕಿಂತ ಚಿಕ್ಕವು ನೀರಿನ ಜೊತೆಗೇ ಕೆಳಗಿಳಿದು ಆಚೆ ಹೋಗುತ್ತವೆ. ಸಂದನ್ನು ಐದು ಸೆಂಟಿಮೀಟರ್ ಮಾಡಿ, ವೇಗ ಅರ್ಧವಾಗುತ್ತದೆ. ನಾಲ್ಕನೆಯ ಹಾಳೆ ಸೇರಿಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಅಕ್ರಿಲಿಕ್‌ಗೆ ಅಕ್ರಿಲಿಕ್

ಅಕ್ರಿಲಿಕ್ ಗಾಜಿಗೆ ಅಂಟದಿದ್ದರೂ ತನ್ನ ಜಾತಿಯವರೊಂದಿಗೆ ಅಂಟುವ ರೀತಿ ನೋಡಲೇಬೇಕಾದದ್ದು. ಫಿಲ್ಟರ್ ಚೀಲ ತೂಗುಹಾಕುವ ತಟ್ಟೆ, ನೀರಿನ ಗುಣ ಅಳೆಯುವ ಪ್ರೋಬ್ ಹಿಡಿಯುವ ಕಂಬಿ, ಇಡೀ ಸಂಪನ್ನೇ ಅಕ್ರಿಲಿಕ್‌ನಲ್ಲಿ ಕಟ್ಟುವುದಾದರೆ ಅದರ ಪ್ರತಿಯೊಂದು ಜೋಡಣೆ, ಎಲ್ಲವೂ ಡೈಕ್ಲೋರೋಮೀಥೇನ್‌ನಂಥ ದ್ರಾವಕದಿಂದ. ಅದು ಅಂಟು ಕೂಡ ಅಲ್ಲ. ಎರಡೂ ಹಾಳೆಗಳ ಮೈಯನ್ನು ಕರಗಿಸಿ, ಕರಗಿದ್ದನ್ನು ಒಂದಾಗಲು ಬಿಟ್ಟು, ತಾನು ಆವಿಯಾಗಿ ಹೋಗುತ್ತದೆ. ನಾನು ಮೊದಲು ನೋಡಿದ್ದು ಅಕ್ರಿಲಿಕ್ ಕೆಲಸದವರೊಬ್ಬರ ಬಳಿ. ನಿಂತ ಹಾಳೆಯ ಅಡಿಗೆ ಸಾಲಾಗಿ ಸಣ್ಣ ಗುಂಡುಸೂಜಿಗಳನ್ನು ತೂರಿಸಿ ಕೂದಲೆಳೆಯ ಸಂದು ಮಾಡಿಕೊಂಡರು. ಸಿರಿಂಜಿನ ತುದಿಯನ್ನು ಅಂಚಿಗೆ ಮುಟ್ಟಿಸಿದರು, ಅಷ್ಟೆ, ಒತ್ತಲೂ ಇಲ್ಲ. ದ್ರಾವಕ ತಾನಾಗಿಯೇ ಸಂದಿನ ಉದ್ದಕ್ಕೂ ಓಡಿತು. ಬೆಳ್ಳಗೆ ಮಿನುಗುತ್ತಿದ್ದ ಅಂಚು ಅದು ಓಡಿದಲ್ಲೆಲ್ಲ ಮಿನುಗು ಕಳೆದುಕೊಂಡು ಪಾರದರ್ಶಕವಾಯಿತು. ಅರ್ಧ ನಿಮಿಷ ಸುಮ್ಮನೆ ನಿಂತು, ಒಂದೊಂದಾಗಿ ಸೂಜಿ ಎಳೆದರು. ಹಾಳೆ ತನ್ನ ತೂಕದಿಂದ ಇಳಿದು ಕೂತಿತು. "ಈಗ ಇದನ್ನ ಮುಟ್ಟಬೇಡಿ" ಎಂದು ಎದ್ದು ಕೈ ತೊಳೆಯಲು ಹೋದರು.

ಅವಸರ ಪಡುವ ಕೆಲಸವಲ್ಲ ಅದು. ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತದೆ, ಪೂರ್ತಿ ಬಲ ಬರಲು ಒಂದೆರಡು ದಿನ ಬೇಕು. ಕಿಟಕಿ ತೆರೆದಿಟ್ಟು ಮಾಡಬೇಕು, ಆವಿ ಉಸಿರಿಗೆ ಕೆಟ್ಟದ್ದು. ಕೈಗವಸು ಹಾಕಿಕೊಂಡಿದ್ದೇನಲ್ಲ ಎಂಬ ಧೈರ್ಯವೂ ಬೇಡ. ಸಾಮಾನ್ಯ ನೈಟ್ರೈಲ್ ಕೈಗವಸನ್ನು ಡೈಕ್ಲೋರೋಮೀಥೇನ್ ಕೆಲವೇ ನಿಮಿಷದಲ್ಲಿ ದಾಟಿಬಿಡುತ್ತದೆ. ಎಲ್ಲಕ್ಕಿಂತ ಮುಖ್ಯ ಅಂಚು. ದ್ರಾವಕಕ್ಕೆ ಖಾಲಿ ಜಾಗ ತುಂಬುವ ಶಕ್ತಿಯಿಲ್ಲ, ಮೈ ಮೈ ತಾಗಿದಲ್ಲಿ ಮಾತ್ರ ಬೆಸೆಯುತ್ತದೆ. ಗರಗಸದ ಹಲ್ಲಿನ ಗುರುತು ಉಳಿದ ಅಂಚಿನಲ್ಲಿ ಸಾಲು ಗುಳ್ಳೆಗಳು ಉಳಿಯುತ್ತವೆ, ಪ್ರತಿ ಗುಳ್ಳೆಯೂ ಸೋರಿಕೆಗೆ ದಾರಿ. ಲೇಸರಿನಲ್ಲಿ ಕೊಯ್ದ ಅಂಚು ನೋಡಲು ಬಲು ಚೆಂದ, ಕನ್ನಡಿಯಷ್ಟು ನುಣುಪು. ಆದರೆ ಆ ಬಿಸಿಯಲ್ಲಿ ಒಳಗೆ ಸೆಳೆತ ಉಳಿದಿರುತ್ತದೆ, ದ್ರಾವಕ ತಾಗಿದ್ದೇ ಸಣ್ಣ ಸಣ್ಣ ಬಿರುಕುಗಳ ಬಲೆ ಏಳುತ್ತದೆ. ಬೆಂಕಿ ತೋರಿಸಿ ಹೊಳಪು ಕೊಟ್ಟ ಅಂಚಿನದ್ದೂ ಇದೇ ಪಾಡು. ಬ್ಯಾಫಲ್‌ನ ಮೇಲಂಚಿಗೆ ಹೇಗೆ ಕೊಯ್ದರೂ ನಡೆಯುತ್ತದೆ, ಬೆಸೆಯುವ ಅಂಚಿಗೆ ರೂಟರ್ (ಅಂಚು ಕೆತ್ತಿ ಸಮಮಾಡುವ ಯಂತ್ರ) ಓಡಿಸಿದ್ದೇ ಆಗಬೇಕು. ಗಾಜು ಒರೆಸುವ ಅಮೋನಿಯಾ ದ್ರವ, ಸ್ಪಿರಿಟ್ಟು ಕೂಡ ಇದೇ ಬಿರುಕು ಎಬ್ಬಿಸುತ್ತವೆ. ಅಕ್ರಿಲಿಕ್ ತೊಳೆಯಲು ಬರೀ ನೀರು ಮತ್ತು ಮೆತ್ತನೆ ಬಟ್ಟೆ.

ಹಾಳೆಯಲ್ಲೂ ಎರಡು ಬಗೆ ಇವೆ: ಅಚ್ಚಿಗೆ ಎರೆದದ್ದು ಮತ್ತು ಯಂತ್ರದಿಂದ ಹಿಂಡಿ ತೆಗೆದದ್ದು. ಹಿಂಡಿದ್ದರ ದಪ್ಪ ಎಲ್ಲ ಕಡೆ ಒಂದೇ, ಬೆಲೆಯೂ ಕಡಿಮೆ. ಆದರೆ ಗರಗಸದ ಬಿಸಿಗೆ ಬೇಗ ಕರಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ದ್ರಾವಕಕ್ಕೆ ಬೇಗ ಬಿರುಕು ಬಿಡುತ್ತದೆ. ನೀರಿನ ಭಾರ ಹೊರುವ ಹೊರಗೋಡೆಗೆ ಎರೆದದ್ದೇ ಬೇಕು. ತೋಡಿನಲ್ಲಿ ಇಳಿಬಿಡುವ ಬ್ಯಾಫಲ್‌ಗೆ ಯಾವುದಾದರೂ ಆದೀತು, ಇದಕ್ಕೆ ದುಬಾರಿ ಹಾಳೆ ಹಾಕುವುದು ದಂಡ. ಇನ್ನು ಪಾರದರ್ಶಕ ಹಾಳೆಯೇ ಬೇಕೆನ್ನುವ ಹಟ ಏಕೋ ಅರ್ಥವಾಗುವುದಿಲ್ಲ. ಶೇ 92 ಬೆಳಕು ಹಾಯಿಸುವ ಅದರ ಗುಣ ಬೀರುವಿನೊಳಗಿನ ಸಂಪಿನಲ್ಲಿ ಯಾರಿಗೆ ಬೇಕು? ಪಾಚಿ ಬೆಳೆಸುವ ಖಾನೆಯ ದೀಪದ ಬೆಳಕು ಪಕ್ಕದ ಖಾನೆಗಳಿಗೂ ಹಾದು, ಪಂಪಿನ ಮೈಮೇಲೂ ಪಾಚಿ ಬೆಳೆಯುತ್ತದೆ. ಕಪ್ಪು ಹಾಳೆ ಹಾಕಿದರೆ ಬೆಳಕೂ ನಿಲ್ಲುತ್ತದೆ, ಗೀರೂ ಕಾಣುವುದಿಲ್ಲ.

ಕೊಯ್ಯುವ ಕೊರೆಯುವ ಸುಲಭಕ್ಕೇ ತಾನೇ ನಾವು ಅಕ್ರಿಲಿಕ್ ಹಿಡಿಯುವುದು. 3 ಮಿಲಿಮೀಟರ್ ಹಾಳೆಯನ್ನು ಉಕ್ಕಿನ ಮೊನೆಯಿಂದ ಹಲವು ಸಲ ಗೀರಿ ಮೇಜಿನ ಅಂಚಿಗಿಟ್ಟು ಒತ್ತಿದರೆ ಮುರಿಯುತ್ತದೆ, 6ರದ್ದಕ್ಕೂ ತಾಳ್ಮೆಯಿದ್ದರೆ ಆಗುತ್ತದೆ. ತೂತು ಕೊರೆಯುವಾಗ ಮಾತ್ರ ಹಾಳೆಯಡಿ ಮರದ ತುಂಡು ಬಿಗಿದಿಡಿ, ನಿಧಾನಕ್ಕೆ ಕೊರೆಯಿರಿ; ಬಿಟ್ ಆಚೆಗೆ ಹೊರಡುವ ಕ್ಷಣದಲ್ಲಿ ಕಚ್ಚಿ ಎಳೆದು ಚಕ್ಕೆ ಎಬ್ಬಿಸುವುದು ಅದರ ಸ್ವಭಾವ. ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲು ಕೊಯ್ಯುವುದಿದ್ದರೆ ಪ್ರತಿ ಸೀಳಿನ ತುದಿಯಲ್ಲಿ ಮೊದಲು ದುಂಡನೆಯ ತೂತು ಹಾಕಿ ಆಮೇಲೆ ಅಲ್ಲಿಗೆ ಗರಗಸ ಓಡಿಸಿ. ಚೂಪು ಮೂಲೆ ಉಳಿದಲ್ಲೇ ಬಿರುಕು ಶುರುವಾಗುತ್ತದೆ.

ಬ್ಯಾಫಲ್‌ಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಹೊರಗೋಡೆಯ ಎತ್ತರವನ್ನು ಮರೆಯುವುದು ನೋಡಿದ್ದೇನೆ. ನೆಲ ಒದ್ದೆಯಾಗುವುದು ಬ್ಯಾಫಲ್ ಸೋರಿದ್ದರಿಂದಲ್ಲ, ಕರೆಂಟು ಹೋದಾಗ ಮೇಲಿನ ತೊಟ್ಟಿಯಿಂದ ಇಳಿಯುವ ನೀರಿಗೆ ಸಂಪಿನಲ್ಲಿ ಜಾಗ ಸಾಲದ್ದರಿಂದ. 120 ಸೆಂಟಿಮೀಟರ್ ಉದ್ದ, 45 ಅಗಲದ ತೊಟ್ಟಿಯಲ್ಲಿ ನೀರು ಎರಡೂವರೆ ಸೆಂಟಿಮೀಟರ್ ಇಳಿದರೆ 13.5 ಲೀಟರ್. ವಾಪಸು ನೀರು ತರುವ ಪೈಪಿನ ಮೂತಿ ಐದು ಸೆಂಟಿಮೀಟರ್ ಮುಳುಗಿದ್ದರೆ, ಅದು ಗಾಳಿ ಎಳೆಯುವವರೆಗೂ ಸೈಫನ್ ಆಗಿ 27 ಲೀಟರ್ ಕೆಳಗೆ ಬರುತ್ತದೆ. ನೀರಿನ ಮಟ್ಟಕ್ಕೆ ಸರಿಯಾಗಿ ಪೈಪಿನಲ್ಲಿ ಸಣ್ಣದೊಂದು ತೂತು ಕೊರೆದರೆ ಸೈಫನ್ ಮುರಿಯುತ್ತದೆ, ಆದರೆ ಆ ತೂತು ಪಾಚಿಯಿಂದ ಮುಚ್ಚಿಹೋಗುತ್ತದೆ. ಅದನ್ನೇ ನಂಬಿ ಕೂರಬೇಡಿ, ತಿಂಗಳಿಗೊಮ್ಮೆ ಕಡ್ಡಿ ಆಡಿಸಿ. ಎಲ್ಲ ಜೋಡಿಸಿ, ಮೀನು ಬಿಡುವ ಮೊದಲು, ಬರೀ ನಲ್ಲಿ ನೀರು ತುಂಬಿಸಿ ಪಂಪು ಓಡಿಸಿ, ಪಂಪಿನ ಖಾನೆಯ ಮಟ್ಟಕ್ಕೆ ಹೊರಗಿನಿಂದ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಆಮೇಲೆ ಪ್ಲಗ್ ಕಿತ್ತು, ನೀರು ಇಳಿದು ನಿಲ್ಲುವವರೆಗೆ ಕಾಯಿರಿ. ಸಂಪಿನ ಬಾಯಿಯಿಂದ ಮೂರು ಬೆರಳು ಕೆಳಗೆ ನಿಂತರೆ ಆ ಗೆರೆಯೇ ನಿಮ್ಮ ಮೇಲ್ಮಿತಿ. ಬಾಯಿವರೆಗೂ ಬಂದರೆ ನೀರು ತೆಗೆದು, ಗೆರೆಯನ್ನು ಕೆಳಗಿಳಿಸಿ, ಮತ್ತೆ ಪ್ಲಗ್ ಕೀಳಿ.